ಕಾಯಿನೀರು ಬಿದ್ದ ಕೀಬೋರ್ಡು

ಎಲ್ಲ ಗುಂಡಿಗಳೂ ಸರಿಯಾಗಿದ್ದವು. ನರಸಯ್ಯನಿಗೆ ದಿಗಿಲಾದದ್ದು ಅದಕ್ಕೇ. ಬೆಳಗಿನಿಂದ ಬಿಚ್ಚಿ, ಒರೆಸಿ, ಸ್ಕೂಟರಿನ ಸೀಟಿನ ಮೇಲೆ ಬಿಸಿಲಿಗಿಟ್ಟು, ಹನ್ನೊಂದು ಸ್ಕ್ರೂ ತಿರುಗಿಸಿ ಮತ್ತೆ ಜೋಡಿಸಿದ ಕೀಬೋರ್ಡನ್ನು ಮುಂದಿಟ್ಟುಕೊಂಡು ಅವನು ಮೇಲಿನ ಸಾಲಿನಿಂದ ಒಂದೊಂದೇ ಗುಂಡಿ ಒತ್ತುತ್ತ ಬಂದಿದ್ದ. ಒತ್ತಿದ್ದು ಒತ್ತಿದ ಹಾಗೆ ಪರದೆಯ ಮೇಲೆ ಬಿತ್ತು. ಎಡಗಡೆಯ ಶಿಫ್ಟನ್ನು ಒಂದು ತೋರುಬೆರಳಲ್ಲಿ ಅದುಮಿ ಹಿಡಿದು ಇನ್ನೊಂದು ತೋರುಬೆರಳಲ್ಲಿ ಳ ಒತ್ತಿದ, ಳ ಬಿತ್ತು. ಣ ಒತ್ತಿದ, ಣ ಬಿತ್ತು. ಸೊನ್ನೆ ಒತ್ತಿದ, ಸೊನ್ನೆಯೂ ದುಂಡಗೆ ಬಿತ್ತು. ಕೆಟ್ಟ ಸಾಮಾನು ಸರಿಹೋದರೆ ಯಾರಾದರೂ ಹಿಗ್ಗುತ್ತಾರೆ. ಇವನು ಮಾತ್ರ, ಒಂದಾದರೂ ಕೈಕೊಡಲಪ್ಪಾ ರಂಗನಾಥ ಎಂದು ಒಳಗೊಳಗೇ ಬೇಡಿಕೊಳ್ಳುತ್ತ, ಯಾಕೆ ಹಾಗೆ ಬೇಡಿಕೊಳ್ಳುತ್ತಿದ್ದೇನೆ ಎಂದು ತನ್ನನ್ನು ತಾನು ಕೇಳಿಕೊಳ್ಳುವ ಧೈರ್ಯ ಸಾಲದೆ, ಮತ್ತೆ ಮೇಲಿನ ಸಾಲಿನಿಂದ ಶುರುಮಾಡಿದ.

"ಸರ್ಯಾಯ್ತಾ ರೀ?" ಎಂದಳು ಹೆಂಡತಿ ಯಶೋದಮ್ಮ. ಅವಳು ಪಕ್ಕದ ಸ್ಟೂಲಿನ ಮೇಲೆ, ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು.

"ಇರಮ್ಮಿ, ಇನ್ನೊಂದ್ ದಪ ನೋಡ್ಬುಡ್ತೀನಿ."

"ಬೇಗ ಆಗ್ಲಿ ನರಸಯ್ಯ," ಎಂದ ಬೆಂಚಿನ ಈ ತುದಿಯಲ್ಲಿದ್ದ ಕರಿಯಯ್ಯ. "ರಿಜಿಸ್ಟ್ರು ಆಪೀಸ್ನಲ್ಲಿ ಮೂರ್ ಗಂಟೆಗೆ ಟೈಮ್ ಕೊಟ್ಟವ್ರೆ. ತಡ ಆದ್ರೆ ಇವ್ನು ಮನ್ಸು ಬದ್ಲಾಯಿಸ್ಬುಡ್ತಾನೆ."

"ನಾನ್ಯಾಕ್ ಬದ್ಲಾಯಿಸ್ಲಣ್ಣ? ಬಾವಿ ಕಡೀಕ್ ಕಣ್ಣಾಕ್ದೋನು ನೀನು," ಎಂದ ಆ ತುದಿಯ ಸೋಮಯ್ಯ.

"ಲೇ, ಸುಮ್ಕೆ ಕೂತ್ಕೊ ಕಣ್ಲಾ."

ಅಣ್ಣತಮ್ಮಂದಿರ ಪಾಲುಪತ್ರ ಅದು. ಹನ್ನೆರಡು ವರ್ಷ ಜಗಳವಾಡಿ ಈ ವಾರ ಹೇಗೋ ಒಪ್ಪಿದ್ದರು. ಒಪ್ಪಿದವರು ಬೆಂಚಿನ ಎರಡು ತುದಿಗೆ ಕೂತು ನಡುವೆ ಇನ್ನು ಮೂರು ಜನಕ್ಕೆ ಆಗುವಷ್ಟು ಜಾಗ ಬಿಟ್ಟಿದ್ದರು. ಪತ್ರ ಯಶೋದಮ್ಮನೇ ಟೈಪು ಮಾಡಬೇಕೆಂದು ಇಬ್ಬರದೂ ಹಟ. ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯ ಎದುರಿನ ಈ ಎಂಟಡಿ ಟೈಪಿಂಗ್ ಅಂಗಡಿಯ ಬೋರ್ಡಿನ ಮೇಲಿದ್ದದ್ದು ನರಸಯ್ಯನ ಹೆಸರು, ಬಂದವರು ಇಣುಕಿ ಕೇಳುತ್ತಿದ್ದದ್ದು ಮಾತ್ರ "ಅಕ್ಕ ಅವ್ರಾ?" ಎಂದು. ಮೊದಮೊದಲು ಅದು ಅವನಿಗೆ ಚುಚ್ಚುತ್ತಿತ್ತು. ಅಕ್ಕ ಇಲ್ಲ, ನಾನಿದ್ದೀನಿ ಎಂದರೆ, ಸರಿ ಆಮೇಲೆ ಬರ್ತೀವಿ ಎಂದು ಹೋಗಿಬಿಡುತ್ತಿದ್ದರು. ಆಮೇಲಾಮೇಲೆ ಅದರಲ್ಲೇ ಒಂದು ಜಂಬ ಹುಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಅವಳು ಟೈಪು ಮಾಡಿದ ಒಂದು ಪತ್ರವೂ ತಿದ್ದುವುದಕ್ಕೆಂದು ವಾಪಸು ಬಂದಿರಲಿಲ್ಲ. ಕಳೆದ ವಾರ ಎರಡು ಬಂದವು. ಎರಡನೆಯದನ್ನು ತಂದವನು ಏನೂ ಅನ್ನಲಿಲ್ಲ, ಪಾಪ, ಬೆರಳಿಟ್ಟು ತೋರಿಸಿದ ಅಷ್ಟೇ; ಯಶೋದಮ್ಮ ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಈವತ್ತೂ ತಪ್ಪಾದರೆ ಅವಳು ಆ ಕುರ್ಚಿಯಲ್ಲಿ ಮತ್ತೆ ಕೂರುವುದಿಲ್ಲ ಎಂಬುದು ನರಸಯ್ಯನಿಗೆ, ಅವಳು ಬಾಯಿಬಿಟ್ಟು ಹೇಳದಿದ್ದರೂ, ಗೊತ್ತಿತ್ತು.

ತಪ್ಪೆಲ್ಲ ಕಾಯಿನೀರಿನದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆಯುಧಪೂಜೆಯ ದಿನ ಕೀಬೋರ್ಡಿಗೂ ಮೌಸಿಗೂ ಪ್ರಿಂಟರಿಗೂ ಅರಿಸಿನ ಕುಂಕುಮವಿಟ್ಟು, ಸೇವಂತಿಗೆ ಏರಿಸಿ, ಕಾಯಿ ಒಡೆಯುವುದು ನರಸಯ್ಯನ ಕೆಲಸ. ಹೊಸಿಲಿಗೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರಿಂದ ಈ ಸಲ ಅಲ್ಲಿ ಒಡೆಯುವುದಕ್ಕೆ ಮನಸ್ಸು ಬರದೆ, "ಆಚೆ ಕಲ್ಲಿಗೆ ಒಡೀರಿ" ಎಂದು ಅವಳು ಹೇಳುತ್ತಿದ್ದರೂ ಕೇಳದೆ, ಕಬ್ಬಿಣದ ಮೇಜಿನ ಅಂಚಿಗೆ ಕುಕ್ಕಿದ್ದ. ಕಾಯಿ ಏನೋ ಸಮನಾಗಿ ಎರಡು ಹೋಳಾಯಿತು. ನೀರು ಮಾತ್ರ ನೆಟ್ಟಗೆ ಕೀಬೋರ್ಡಿನ ಮೇಲೆ ಚೆಲ್ಲಿತು. ಆಗಲೇ ತಿರುಗಿಸಿ ಹಿಡಿದು ಬಸಿದಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದ ಮರುಪೂಜೆಯವರೆಗೆ ಮುಟ್ಟುವ ಹಾಗಿಲ್ಲ. ಅವರಪ್ಪ ನೇಗಿಲನ್ನು ಮುಟ್ಟುತ್ತಿರಲಿಲ್ಲ, ಇವನು ಕೀಬೋರ್ಡನ್ನು ಮುಟ್ಟಲಿಲ್ಲ. ಗಂಡ ಹೆಂಡಿರಿಬ್ಬರೂ ನೀರು ಸಂದಿಗಳಲ್ಲಿ ಇಳಿಯುವುದನ್ನು ಕೈಕಟ್ಟಿ ನಿಂತು ನೋಡಿ, ಕೈಮುಗಿದು, ಬಾಗಿಲು ಹಾಕಿಕೊಂಡು ಹೋದರು. ಅದಾಗಿ ಹತ್ತು ದಿನ. ಎಡಗಡೆ ಶಿಫ್ಟು ಹಿಡೀತಿಲ್ಲ ಕಣ್ರೀ, ನಿಮ್ ಕಾಯಿನೀರು ಎಂದು ಅವಳು ಮೊದಲು ಹೇಳಿದಾಗ ನರಸಯ್ಯ ಮುಖ ತಗ್ಗಿಸಿದ್ದ. ತಗ್ಗಿಸಿಕೊಂಡೇ, ಬೈಸಿಕೊಳ್ಳುವುದರಲ್ಲಿ ಒಂಥರಾ ಹಾಯೆನಿಸಿತ್ತು.

ಈವತ್ತು ಬೆಳಿಗ್ಗೆ ಬಿಚ್ಚಿದಾಗ ಒಳಗೆ ಎಷ್ಟೋ ಹಬ್ಬಗಳು ಸಿಕ್ಕವು. ಗುಂಡಿಗಳ ಕೆಳಗಿನ ರಬ್ಬರಿನ ಹಾಳೆಯ ಮೇಲೆ ಹಳೆಯ ಕುಂಕುಮ ಕಪ್ಪಾಗಿ, ಅದರ ಮೇಲೆ ಹೋದ ವರ್ಷದ್ದು ಕಂದಾಗಿ, ಮೇಲುಗಡೆ ಈ ವರ್ಷದ್ದು ಕಾಯಿನೀರಿನಲ್ಲಿ ಅಂಟಾಗಿ ಕೂತಿತ್ತು. ಸೇವಂತಿಗೆಯ ಒಣಗಿದ ಎಸಳು, ಒಂದೆರಡು ಅಕ್ಷತೆ, ಅವಳ ಉದ್ದ ಕೂದಲೊಂದು, ಅದರ ಪಕ್ಕದಲ್ಲಿ ನರೆತದ್ದೊಂದು. ದೇವರ ಮನೆಯ ಹೂಬತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬೆಳ್ಳಿಗೆರೆಗಳ ಪ್ಲಾಸ್ಟಿಕ್ ಹಾಳೆಯನ್ನು ಮಗುವಿನ ಮೂಗು ಒರೆಸಿದ ಹಾಗೆ ಒರೆಸಿದ. ಗುಂಡಿಗಳ ಮೇಲೆ ಅಕ್ಷರಗಳು ಎಂದೋ ಸವೆದುಹೋಗಿದ್ದವು. ಅವಳಿಗೆ ಅವು ಬೇಕೂ ಇರಲಿಲ್ಲ. ಪಾಂಡವಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೈಮೇಲೆ ರಟ್ಟಿನ ಡಬ್ಬ ಮುಚ್ಚಿ ಕಲಿಸುತ್ತಿದ್ದರು. ಅಂದಾನಯ್ಯ ಮೇಷ್ಟ್ರು ರೂಲುದೊಣ್ಣೆ ಹಿಡಿದು ಹಿಂದೆ ಓಡಾಡುತ್ತ, ಕಿರುಬೆರಳು, ಕಿರುಬೆರಳು ಎಂದು ಗದರುವರು. ಕಿರುಬೆರಳಿಗೆ ಬಲ ಇಲ್ಲದಿದ್ದರೆ ಕಾಗದದ ಮೇಲೆ ಆ ಅಕ್ಷರ ಮಾತ್ರ ಮಸಕಾಗಿ ಬೀಳುತ್ತಿತ್ತು. ಮೇಷ್ಟ್ರು ಎಲ್ಲರ ಹಾಳೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನರಸಯ್ಯನದನ್ನು ನೋಡಿ ನಿಟ್ಟುಸಿರುಬಿಟ್ಟು, ಎರಡನೆ ಸಾಲಿನ ಕಿಟಕಿ ಪಕ್ಕದ ಹುಡುಗಿಯ ಹಾಳೆ ಎತ್ತಿ ತೋರಿಸುವರು: ನೋಡ್ರಯ್ಯ, ಕಿರುಬೆರಳೂ ಹೆಬ್ಬೆರಳೂ ಒಂದೇ ಇವಳಿಗೆ. ಆ ಹುಡುಗಿ ಸೀನಿಯರ್ ಪಾಸಾದ ವರ್ಷ ಇವನು ಮೂರನೆಯ ಸಲ ಜೂನಿಯರ್ ಫೇಲಾದ. ಅದೇ ವರ್ಷ ಅವಳ ಮನೆಗೆ ಹೆಣ್ಣು ಕೇಳುವುದಕ್ಕೆ ಹೋದದ್ದು ಹೇಗೆ, ಎಲ್ಲಿಂದ ಬಂತು ಆ ಧೈರ್ಯ ಎಂಬುದು ಇವತ್ತಿಗೂ ಅವನಿಗೆ ಅರ್ಥವಾಗಿಲ್ಲ.

"ಕೊಡಿ ಇತ್ಲಾಗೆ," ಎಂದು ಅವಳು ಕುರ್ಚಿಗೆ ಬಂದಳು. ನರಸಯ್ಯ ಎದ್ದು ಹಿಂದೆ ನಿಂತ. ಅವಳು ಪತ್ರದ ಮೊದಲ ಸಾಲು ಹೊಡೆದಳು. ಬಲಗೈ ಎಂದಿನಂತೆ ಓಡಿತು. ಪರದೆಯ ಮೇಲೆ ಶ್ರಿರಮಗಪಟ್ಟನ ಎಂದು ಬಿತ್ತು. ಅವಳು ಅಳಿಸಿ ಮತ್ತೆ ಹೊಡೆದಳು. ಈ ಸಲ ಸೊನ್ನೆ ಬಂತು, ಕೊನೆಯದು ಮತ್ತೆ ಕೈಕೊಟ್ಟಿತು. ಇಪ್ಪತ್ತೆರಡು ವರ್ಷದಿಂದ ದಿನಾ ಹೊಡೆಯುತ್ತಿದ್ದ ಊರಿನ ಹೆಸರು ಯಾರೋ ಹಲ್ಲಿಲ್ಲದವರು ಹೇಳಿದ ಹಾಗೆ ಅಲ್ಲಿ ಕೂತಿತ್ತು. "ಇನ್ನೂ ನೀರದೆ ಒಳ್ಗೆ," ಎಂದಳು. ನರಸಯ್ಯ ಹೊರಗೆ ಹೋಗಿ, ಪಕ್ಕದ ಜೆರಾಕ್ಸ್ ಅಂಗಡಿಯ ಸಿದ್ದಾರ್ಥನಿಂದ ಹೊಸ ಕೀಬೋರ್ಡು ಕೇಳಿ ತಂದು ಚುಚ್ಚಿದ. ಅವಳು ಹೊಡೆದಳು. ಶ್ರಿರಮಗಪಟ್ಟನ. ಅವಳು ಪರದೆಯನ್ನೇ ನೋಡುತ್ತ, "ಕಂಪ್ಯೂಟ್ರಲ್ಲೇ ಏನೋ ಕೆಟ್ಟದೆ ಅನ್ಸತ್ತೆ," ಎಂದಳು. ಗಂಡನ ಕಡೆ ತಿರುಗಲಿಲ್ಲ.

ನರಸಯ್ಯ ನೋಡುತ್ತಿದ್ದದ್ದು ಪರದೆಯನ್ನಲ್ಲ. ಅವಳ ಎಡಗೈಯ ಕಿರುಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಬೆಂಚಿನ ತುದಿಯ ಸೋಮಯ್ಯನ ಹಾಗೆ, ಪಾಲು ಬೇರೆಯಾದಂತೆ ಒಂಟಿಯಾಗಿ ನಿಂತಿತ್ತು. ಶಿಫ್ಟಿನ ಮೇಲೆ ಬರುತ್ತಿತ್ತು, ಮುಟ್ಟುತ್ತಿತ್ತು, ಬಲಗೈ ಗುಂಡಿ ಹೊಡೆಯುವಷ್ಟರಲ್ಲಿ ಜಾರಿಬಿಡುತ್ತಿತ್ತು; ಣ ಬೀಳಬೇಕಾದಲ್ಲಿ ನ ಬೀಳುತ್ತಿತ್ತು. ಅವಳಿಗೆ ಅದು ಜಾರಿದ್ದೇ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಕಂಡದ್ದು ಆಮೇಲೆ ಎಲ್ಲೆಲ್ಲೂ ಕಾಣತೊಡಗಿತು: ಹೂ ಕಟ್ಟುವಾಗ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು, ಕಾಫಿ ಲೋಟವನ್ನು ಬಲಗೈಗೆ ಬದಲಾಯಿಸಿಕೊಳ್ಳುವುದು, ಕುಪ್ಪಸದ ಹುಕ್ಕಿಗೆ ಹೊತ್ತು ಹಿಡಿಯುವುದು, ನೆಲದ ಮೇಲೆ ಬಿದ್ದ ಸ್ಟೇಪಲ್ ಪಿನ್ನನ್ನು ನೀವೇ ಎತ್ತಿ ರೀ ಎನ್ನುವುದು. ನಾನು ನೋಡಿರಲಿಲ್ಲವೇ ಇದನ್ನೆಲ್ಲ? ನೋಡಿದ್ದೆ. ನೋಡಿ, ಕಾಯಿನೀರಿನ ಕೆಳಗೆ ಮುಚ್ಚಿಟ್ಟಿದ್ದೆ. ಬಿಸಿಲಲ್ಲಿ ನಿಂತಿದ್ದ ಸ್ಕೂಟರಿನ ಸೀಟು ಬಾಗಿಲಾಚೆ ಮಿರಮಿರ ಮಿಂಚುತ್ತಿತ್ತು. ಆವತ್ತು ಯುಗಾದಿಗೆ ಇನ್ನೂ ಎರಡು ವಾರವಿತ್ತು, ಅದೇ ಸ್ಕೂಟರಿನಲ್ಲಿ ಇಬ್ಬರೂ ಪಾಂಡವಪುರದಿಂದ ಬರುತ್ತಿದ್ದರು, ಕಿರಂಗೂರಿನ ಹತ್ತಿರ ಟ್ರಾಕ್ಟರಿನಿಂದ ಉದುರಿದ ಕಬ್ಬನ್ನು ಲಾರಿಗಳು ತುಳಿದು ರಸ್ತೆಯೆಲ್ಲ ರಸವಾಗಿತ್ತು. ನಿಧಾನ ರೀ ಎಂದಳು. ನಂಗೊತ್ತಿಲ್ವಾ ಎಂದ. ಅಷ್ಟರಲ್ಲಿ ಗಾಡಿ ಕೈ ತಪ್ಪಿತ್ತು. ಅವನಿಗೆ ತರಚೂ ಆಗಲಿಲ್ಲ. ಅವಳು ಎಡ ಮೊಣಕೈ ಊರಿ ಬಿದ್ದಳು. ಎದ್ದು ಕೂತವಳು ಮೊದಲು ನೋಡಿದ್ದು ಇವನ ಮುಖವನ್ನು, ಆಮೇಲೆ ಸೀರೆಯನ್ನು, ಕೊನೆಗೆ ಕೈಯನ್ನು.

ಬೆಳ್ಳೂರಿನ ಆಸ್ಪತ್ರೆಗೆ ಹೋಗಾನಾ, ಸ್ನೇಹ ಅಲ್ಲೇ ಅವ್ಳಲ್ಲ, ಎಂದಿದ್ದಳು. ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ ಅವಳ ಅಕ್ಕನ ಮಗಳು ಸ್ನೇಹ ನರ್ಸು. ಚಿಕ್ಕಪ್ಪ ಚಿಕ್ಕಮ್ಮನ್ನ ಗಾಡಿಯಿಂದ ಕೆಡವ್ದ ಎಂದು ಆ ಹುಡುಗಿ ಸಂಜೆಯೊಳಗೆ ಪಾಂಡವಪುರದ ಮನೆಗೆಲ್ಲ ಫೋನು ಮಾಡುತ್ತಾಳೆ. ಅತ್ತೆಮನೆಯ ಹಬ್ಬದೂಟಕ್ಕೆ ಕೂತಾಗ ಷಡ್ಡಕ ನಗುತ್ತ ಹೋಳಿಗೆ ಬಡಿಸುತ್ತಾನೆ. ಅದಕ್ಕಾಗಿ, ಅಷ್ಟಕ್ಕಾಗಿ, ಅಷ್ಟು ದೂರ ಯಾಕಮ್ಮಿ, ಮೂಳೆ ಮುರಿದಿಲ್ಲ ಎಂದು ಕೆ.ಆರ್.ಎಸ್. ಕಡೆಯ ನಾಟಿ ವೈದ್ಯ ದ್ಯಾವಯ್ಯನ ಹತ್ತಿರ ಕರೆದೊಯ್ದು ಮೊಟ್ಟೆಯ ಬಿಳಿಯ ಪಟ್ಟು ಹಾಕಿಸಿದ್ದ. ದ್ಯಾವಯ್ಯನ ಕೈಗುಣ ಒಳ್ಳೆಯದು, ಮೂರು ವಾರಕ್ಕೆ ಊತ ಇಳಿಯಿತು. ನರದ ಮಾತು ಬೇರೆ ಎಂದು ಅವನೇ ಹೇಳಿದ್ದ: ಬೆಳ್ಳು ಜೋಮು ಹಿಡುದ್ರೆ ಡಾಕ್ಟ್ರಿಗೆ ತೋರ್ಸಪ್ಪ. ತೋರಿಸ್ತೀನಿ ಎಂದಿದ್ದ ನರಸಯ್ಯ. ಆ ಮಾತನ್ನು ಹೆಂಡತಿಗೆ ಹೇಳುವುದಕ್ಕೆ ಮರೆತಿದ್ದನೋ, ಮರೆತ ಹಾಗೆ ಇದ್ದನೋ, ಈಗ ಅಂಗಡಿಯ ನಡುವೆ ಸ್ಕ್ರೂಡ್ರೈವರ್ ಹಿಡಿದು ನಿಂತವನಿಗೆ ಎರಡಕ್ಕೂ ವ್ಯತ್ಯಾಸ ಸಿಗಲಿಲ್ಲ.

"ಏನಂತೆ ಕಾಯ್ಲೆ ಅದ್ಕೆ?" ಎಂದು ಕರಿಯಯ್ಯ ಎದ್ದು ಬಂದ.

ಯಶೋದಮ್ಮನ ಬೆನ್ನು ಬಿಗಿಯಾಯಿತು. ಈಗ ಹೇಳಬೇಕು. ಕೀಬೋರ್ಡು ಚೆನ್ನಾಗಿದೆ, ಕೆಟ್ಟಿರುವುದು ನಿನ್ನ ಕೈ, ಕೆಡಿಸಿದವನು ನಾನು, ಎಂದು ಇಬ್ಬರು ಗಿರಾಕಿಗಳ ಎದುರಿಗೆ ಹೇಳಬೇಕು. ಬಾಯಿ ತೆರೆದ.

"ಸೆಟ್ಟಿಂಗು ಕಣಣ್ಣ," ಎಂದ. "ಒಳ್ಗಡೆ ಒಂದ್ ಸೆಟ್ಟಿಂಗು ಬದ್ಲಾಗ್ಬುಟ್ಟದೆ. ಯಶೋದಾ, ನೀ ಓಗಿ ಟೀ ಏಳ್ಬುಟ್ ಬಾ, ನಾಕು. ಅಷ್ಟ್ರಲ್ಲಿ ಸರಿ ಮಾಡ್ತೀನಿ."

ಅವಳು ಅವನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ನರಸಯ್ಯ ಕುರ್ಚಿಗೆ ಕೂತು ಶಿಫ್ಟನ್ನು ಒಂದೇ ಸಮನೆ ಐದು ಸಲ ಒತ್ತಿದ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು, ಹೌದು ಎಂದ. ಇನ್ನು ಶಿಫ್ಟನ್ನು ಹಿಡಿದುಕೊಂಡಿರಬೇಕಾಗಿಲ್ಲ. ಸುಮ್ಮನೆ ತಟ್ಟಿಬಿಟ್ಟರೆ ಅದೇ ಮುಂದಿನ ಗುಂಡಿಯವರೆಗೆ ಕಾದುಕೊಂಡಿರುತ್ತದೆ. ಈ ಉಪಾಯ ಅವನದೇ. ಎರಡು ಬೆರಳಿನ ಟೈಪಿಸ್ಟಿಗೆ ಎರಡು ಗುಂಡಿ ಒಟ್ಟಿಗೆ ಒತ್ತುವ ಕಷ್ಟ ಬೇಡವೆಂದು ತನ್ನ ಮೂಲೆಯ ಕಂಪ್ಯೂಟರಿನಲ್ಲಿ ಎಂದೋ ಹಾಕಿಕೊಂಡಿದ್ದ. ಅವಳು ಅದನ್ನು ಕಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದಳು. ಅಂದಾನಯ್ಯ ಮೇಷ್ಟ್ರು ನೋಡಿದ್ರೆ ರೂಲುದೊಣ್ಣೆ ಮುರಿಯೋ ಹಂಗೆ ಹೊಡೀತಿದ್ರು ಎಂದಿದ್ದಳು. ಸೀನಿಯರ್ ಪಾಸಾದವಳಿಗೆ ಜೂನಿಯರ್ ಫೇಲಾದವನ ಊರುಗೋಲನ್ನು ಕದ್ದು ಕೊಡುತ್ತಿದ್ದೇನೆ ಎನಿಸಿತು ನರಸಯ್ಯನಿಗೆ. ಸಿದ್ದಾರ್ಥನ ಕೀಬೋರ್ಡು ಕಿತ್ತು ಅವಳದನ್ನೇ ಮತ್ತೆ ಚುಚ್ಚಿದ.

"ಇಗ," ಎಂದ ಅವಳು ಬಂದಾಗ. "ಹಿಡ್ಕಬೇಡ. ಸುಮ್ಕೆ ಮುಟ್ಟಿದ್ರೆ ಸಾಕು. ಸೆಟ್ಟಿಂಗ್ ಅಂಗದೆ ಈಗ."

ಅವಳು ಕೂತಳು, ತಟ್ಟಿದಳು, ಹೊಡೆದಳು. ಶ್ರೀರಂಗಪಟ್ಟಣ. ಊರು ತನ್ನ ಹಲ್ಲುಗಳನ್ನೆಲ್ಲ ಕಟ್ಟಿಸಿಕೊಂಡು ಬಂದು ಪರದೆಯ ಮೇಲೆ ಕೂತಿತು. ಅವಳ ಬೆರಳುಗಳು ಒಂದು ಕ್ಷಣ ಗಾಳಿಯಲ್ಲಿ ನಿಂತವು, ತಲೆ ಸ್ವಲ್ಪ ವಾಲಿತು, ಏನನ್ನೋ ಆಲಿಸುವ ಹಾಗೆ. ಆಮೇಲೆ ಮುಂದುವರಿಸಿದಳು. ಮೊದಲು ತಡೆದು ತಡೆದು, ಎರಡನೆಯ ಪುಟದ ಹೊತ್ತಿಗೆ ಹಳೆಯ ಓಟ ಬಂತು: ಮೂಡಲಿಗೆ ಕರಿಯಯ್ಯನವರ ಗದ್ದೆ, ಪಡುವಲಿಗೆ ನಾಲೆ, ಬಾವಿಯಲ್ಲಿ ಇಬ್ಬರಿಗೂ ಸಮಪಾಲು. ನರಸಯ್ಯ ಅವಳ ಬೆನ್ನನ್ನೇ ನೋಡುತ್ತಿದ್ದ. ಎಷ್ಟು ಇಷ್ಟ ಅವನಿಗೆ ಆ ಬೆನ್ನು, ಕುರ್ಚಿಗೆ ಒರಗದೆ ನೇರವಾಗಿ ಕೂರುವ ಆ ರೀತಿ, ಕಣ್ಣು ಕಾಗದದ ಮೇಲೆ, ಕೈ ತನ್ನ ಪಾಡಿಗೆ. ಎರಡೂವರೆಗೆ ಕೊನೆಯ ಹಾಳೆ ಪ್ರಿಂಟರಿನಿಂದ ಹೊರಬಂತು. ಸೋಮಯ್ಯ ಎಣಿಸಿದ ಹಾಗೆ ಒಂದೊಂದೇ ಸಾಲು ಓದಿಸಿಕೊಂಡು ಕೇಳಿ, ಒಂದು ತಪ್ಪೂ ಇಲ್ಲವೆಂದು ತಿಳಿದು, "ಅಕ್ಕನ ಕೈ ಅಂದ್ರೆ ಕೈ," ಎಂದ. ಬಾಗಿಲಲ್ಲಿ ಅವನು ಟೈಲ್ಸಿನ ಮೇಲೆ ಜಾರಿದಾಗ ಕರಿಯಯ್ಯ ರಟ್ಟೆ ಹಿಡಿದು, "ನೋಡ್ಕಂಡ್ ನಡ್ಯಲಾ," ಎಂದು ಬೈದ; ರಸ್ತೆ ದಾಟುವವರೆಗೂ ಆ ರಟ್ಟೆ ಬಿಡಲಿಲ್ಲ.

ಅಂಗಡಿ ಖಾಲಿಯಾಯಿತು. ಟೀ ಲೋಟಗಳ ಮೇಲೆ ನೊಣಗಳು ಕೂತಿದ್ದವು. ಯಶೋದಮ್ಮ ಕುರ್ಚಿಯಿಂದ ಏಳದೆ, ತಿರುಗದೆ, ಶಿಫ್ಟನ್ನು ಒಂದು ಸಲ ತಟ್ಟಿದಳು. ಕಂಪ್ಯೂಟರು ಟುಯ್ ಎಂದಿತು.

"ನಿಮ್ ಗುಬ್ಬೀನ ನನ್ ಕಂಪ್ಯೂಟ್ರಲ್ಲೂ ಸಾಕ್ಬುಟ್ರಾ?" ಎಂದಳು.

ಹೌದಲ್ಲ. ಶಿಫ್ಟು ಮುಟ್ಟಿದಾಗೆಲ್ಲ ಅದು ಟುಯ್ ಎನ್ನುತ್ತದೆ. ಅವನ ಮೂಲೆಯ ಆ ಸದ್ದಿಗೆ ಗುಬ್ಬಿ ಎಂದು ಹೆಸರಿಟ್ಟವಳೇ ಅವಳು. ಕೇಳಿ ಕೇಳಿ ಅವನ ಕಿವಿಗೆ ಅದು ಬೀಳುವುದೇ ನಿಂತುಹೋಗಿತ್ತು. ಅವಳು ಮೊದಲ ಸಲ ತಟ್ಟಿದಾಗಲೇ ಕೇಳಿಸಿಕೊಂಡಿದ್ದಳು, ಕೇಳಿಸಿಕೊಂಡೇ ಐದು ಪುಟ ಹೊಡೆದಿದ್ದಳು. ನರಸಯ್ಯನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. "ಯಾವಾಗ್ನಿಂದ ಅಮ್ಮಿ?" ಎಂದ.

"ಯುಗಾದಿ ಆದ್ಮ್ಯಾಲೆ. ಮೊದ್ಲು ಜುಮ್ ಅಂತಿತ್ತು. ಈಗ ಅದೂವೆ ಇಲ್ಲ."

"ನಂಗ್ಯಾಕ್ ಏಳ್ಲಿಲ್ಲ ನೀನು?"

"ಏಳಿದ್ರೆ ಏನ್ ಮಾಡೀರಿ? ಸ್ಕೂಟ್ರು ಮಾರ್ಬುಟ್ಟು, ಊಟ ಬುಟ್ಟು, ಗೋಡೆ ನೋಡ್ಕಂಡ್ ಕೂತೀರಿ. ನಿಮ್ಮನ್ ಕಾಣ್ನಾ ನಾನು?" ಅವಳ ದನಿಯಲ್ಲಿ ನಗು ಇತ್ತು. "ಸದ್ಯ ಕಾಯಿನೀರು ಬಿತ್ತಲ್ಲ, ಒಂದ್ ನೆಪ ಸಿಕ್ತು ಅನ್ಕಂಡೆ. ನೀವ್ ನೋಡುದ್ರೆ ಹನ್ನೊಂದು ಸ್ಕ್ರೂನೂ ಬಿಚ್ಕಂಡ್ ಕೂತ್ಬುಟ್ರಿ."

ನರಸಯ್ಯ ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತ. ಏಳು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಹೇಳಿದ. "ಆವತ್ತು ನೀನು ಬೆಳ್ಳೂರ್ಗೆ ಅಂದೆ. ಸ್ನೇಹಂಗೆ ಗೊತ್ತಾಯ್ತದೆ, ನಿಮ್ ಮನೆಯೋರು ನಗ್ತಾರೆ ಅಂತ ನಾನ್ ಕರ್ಕಂಡ್ ಓಗ್ಲಿಲ್ಲ. ಜೋಮು ಬಂದ್ರೆ ಡಾಕ್ಟ್ರಿಗೆ ತೋರ್ಸು ಅಂತ ದ್ಯಾವಯ್ಯಾನೂ ಏಳಿದ್ದ. ಅದ್ನೂ ನಿಂಗೆ ಏಳ್ಲಿಲ್ಲ."

ಅವಳು ತಿರುಗಿ ಅವನ ಮುಖವನ್ನೇ ನೋಡಿದಳು. ದ್ಯಾವಯ್ಯನ ಮಾತು ಅವಳಿಗೆ ಗೊತ್ತಿರಲಿಲ್ಲ ಎಂಬುದು ಆ ನೋಟದಲ್ಲಿ ಅವನಿಗೆ ತಿಳಿಯಿತು. ಹೊರಗೆ ಮೈಸೂರು ಬಸ್ಸೊಂದು ಹಾರನ್ನು ಹೊಡೆದುಕೊಂಡು ಹೋಯಿತು.

"ನಾಳೆ ಓಗಾನ," ಎಂದಳು ಕೊನೆಗೆ. "ಬಸ್ಸಲ್ಲಿ."

"ಬಸ್ಸಲ್ಲೇ."

"ಸ್ನೇಹಂಗೆ ನಾನೇ ಏಳ್ತೀನಿ, ನಮ್ ಯಜಮಾನ್ರು ಕೆಡವುದ್ರು ಅಂತ. ನೀವು ಪಕ್ಕದಲ್ಲೇ ನಿಂತಿರ್ಬೇಕು."

"ನಿಂತಿರ್ತೀನಿ."

ಅವಳು ಸೆರಗಿನೊಳಗಿನಿಂದ ಎಡಗೈ ತೆಗೆದು, ಮಣೆಯ ಮೇಲಿಟ್ಟಂತೆ, ಅವನ ತೊಡೆಯ ಮೇಲೆ ಇಟ್ಟಳು. ಏಳು ತಿಂಗಳಲ್ಲಿ ಮೊದಲ ಸಲ ಅವನು ಆ ಕೈಯನ್ನು ನೆಟ್ಟಗೆ ನೋಡಿದ. ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಕರಗಿ ಅಲ್ಲೊಂದು ಸಣ್ಣ ಗುಳಿ ಬಿದ್ದಿತ್ತು. ಬೆಳಗಿನಿಂದ ಗುಂಡಿ ಒತ್ತಿ ಒತ್ತಿ ಅವನ ಬೆರಳಿಗೆ ಅದೇ ಅಭ್ಯಾಸವಾಗಿತ್ತೋ ಏನೋ. "ಕಣ್ಮುಚ್ಚು," ಎಂದ. "ಯಾವ್ಯಾವ್ದು ಕೆಲ್ಸ ಮಾಡ್ತದೆ ನೋಡ್ಬುಡಾನ."

ಅವಳು ನಗುತ್ತಲೇ ಕಣ್ಣು ಮುಚ್ಚಿದಳು. ಅವನು ಹೆಬ್ಬೆರಳನ್ನು ಒತ್ತಿದ. "ಊಂ," ಎಂದಳು. ತೋರುಬೆರಳು ಒತ್ತಿದ. "ಊಂ." ನಡುಬೆರಳು. "ಗೊತ್ತಾಯ್ತದೆ." ಉಂಗುರದ ಬೆರಳು ಒತ್ತಿದಾಗ ಹುಬ್ಬು ಗಂಟಿಕ್ಕಿ, "ಅರ್ಧ," ಎಂದಳು. "ಈ ಮಗ್ಗುಲು ಅದೆ, ಆ ಮಗ್ಗುಲು ಇಲ್ಲ." ನರಸಯ್ಯ ಕಿರುಬೆರಳನ್ನು ಹಿಡಿದುಕೊಂಡ. ತಣ್ಣಗಿತ್ತು. ತುದಿಯಲ್ಲಿ, ಮೇಷ್ಟ್ರ ರೂಲುದೊಣ್ಣೆಯ ಕಾಲದಿಂದ ಬಂದ ಗಟ್ಟಿ ಚರ್ಮ ಇನ್ನೂ ಹಾಗೇ ಇತ್ತು. ಮೊದಲು ಮೆಲ್ಲಗೆ ಒತ್ತಿದ. ಆಮೇಲೆ ಜೋರಾಗಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ನೋಯಲಿ, ಅಮ್ಮಾ ಎಂದು ಕಿರುಚಿ ಕೈ ಕಿತ್ತುಕೊಂಡು ಬೈಯಲಿ ಎಂದು ಇದ್ದಬದ್ದ ಬಲವನ್ನೆಲ್ಲ ಹಾಕಿ ಒತ್ತಿದ. ಅವಳು ಕಣ್ಣು ಮುಚ್ಚಿಕೊಂಡು, ಮುಖವನ್ನು ಸ್ವಲ್ಪ ಎತ್ತಿ, ನಗುತ್ತ ಕಾಯುತ್ತಿದ್ದಳು.

"ಯಾಕ್ರೀ ನಿಲ್ಲಿಸ್ಬುಟ್ರಿ?" ಎಂದಳು. "ಕಿರ್ಬೆಳ್ಳು ಒಂದ್ ಬಾಕಿ ಅದೆ, ಅದ್ನೂ ನೋಡ್ಬುಡಿ."

ನರಸಯ್ಯ ನಿಲ್ಲಿಸಿರಲಿಲ್ಲ.